ಐವರಲ್ಲಿ ಒಬ್ಬರು

ಲಿಯೋನೆಲ್ ತೆಂಗಿನ ಒಣಗಿದ ಕೊತ್ತಳಿಗೆಯೊಂದನ್ನು ಬಚ್ಚಲೊಲೆಯ ಬಾಯಿಗೆ ನೂಕುತ್ತಿದ್ದಾಗ ಹಿತ್ತಿಲ ಬೇಲಿಯ ಆಚೆ ಯಾರೋ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಗುರ್ಕಾರ್ ಜೋನ್. ಇಗರ್ಜಿಯ ಕಡೆಯಿಂದ ಆ ವಠಾರದ ಹತ್ತಿಪ್ಪತ್ತು ಮನೆಗಳ ಸುಖದುಃಖ ನೋಡಿಕೊಳ್ಳುವವರು. ಬೇರೆ ದಿನವಾದರೆ ನೇರ ಅಡುಗೆಮನೆಗೇ ಬಂದು ಚಾ ಕೇಳುವ ಮನುಷ್ಯ ಇಂದು ಬೇಲಿಯ ಆಚೆಯೇ ನಿಂತಿದ್ದರು.

“ಲಿಯೋನೆಲ್ ಬಾಬ್, ನೀರು ಕಾಯಿಸುವುದು ಸದ್ಯ ಬೇಡ. ಫೋನು ಬಂತು. ನಿಮ್ಮ ಮನೆಯದ್ದು ಪಾಸಿಟಿವ್ ಅಂತೆ.”

“ಯಾರದ್ದು?”

“ಅದೇ ಗೊತ್ತಿಲ್ಲ. ಐವರದ್ದೂ ಒಟ್ಟಿಗೆ ಬೆರೆಸಿ ನೋಡಿದ್ದಂತೆ. ಒಬ್ಬರದ್ದೋ, ಇಬ್ಬರದ್ದೋ. ಈಗ ಬೇರೆ ಬೇರೆ ನೋಡ್ತಾರಂತೆ.”

ಲಿಯೋನೆಲ್ ಕೊತ್ತಳಿಗೆಯನ್ನು ಹಿಂದಕ್ಕೆ ಎಳೆಯಲಿಲ್ಲ. ಹಂಡೆಯ ಕರಿಹಿಡಿದ ತಳಕ್ಕೆ ಬೆಂಕಿ ನಾಲಗೆ ಚಾಚುವುದನ್ನು ನೋಡುತ್ತ ಕುಕ್ಕರುಗಾಲಿನಲ್ಲೇ ಕುಳಿತರು.

ಅಪೊಲೋನಿಯಾ ನಸುಕಿನಲ್ಲಿ ತೀರಿಕೊಂಡಿದ್ದಳು. ಎರಡು ವರ್ಷದಿಂದ ಹೃದಯದ ಕಾಯಿಲೆ. ಕಾಲು ಬಾತು, ಮಲಗಿದರೆ ಉಸಿರು ಕಟ್ಟಿ, ಚಾವಡಿಯ ಬೆತ್ತದ ಕುರ್ಚಿಯಲ್ಲಿ ಕುಳಿತೇ ನಿದ್ದೆ ಮಾಡುತ್ತಿದ್ದವಳು ಹಾಗೆ ಕುಳಿತಲ್ಲೇ ಹೋದಳು. ಕೊರೊನಾದ ವರ್ಷವಲ್ಲದಿದ್ದರೆ ಇಷ್ಟು ಹೊತ್ತಿಗೆ ಇಗರ್ಜಿಯ ಮರಣದ ಗಂಟೆ ಎರ್ಮಾಳಿನ ಕಡಲತಡಿಯವರೆಗೂ ಕೇಳಿ, ಅಂಗಳದಲ್ಲಿ ಜನ ತುಂಬಿರುತ್ತಿದ್ದರು. ಆದರೆ ಓಣಿಯ ಕೊನೆಯ ಮನೆಯಲ್ಲೊಬ್ಬರಿಗೆ ರೋಗ ಬಂದಿದೆ ಎಂದು ಆರೋಗ್ಯ ಕಾರ್ಯಕರ್ತೆ ನಿಖಿತಾ ಹಿಂದಿನ ದಿನವಷ್ಟೇ ಬಂದು, ಮನೆಯಲ್ಲಿದ್ದವರೆಲ್ಲರ ಮೂಗು ಗಂಟಲಿನಿಂದ ಮಾದರಿ ತೆಗೆದುಕೊಂಡು ಹೋಗಿದ್ದಳು: ಲಿಯೋನೆಲ್, ಅಪೊಲೋನಿಯಾ, ಮಗಳು ರೀನಾ, ರೀನಾಳ ಮಗಳು ಮೆಲಿಷಾ, ಅಪೊಲೋನಿಯಾಳ ಆರೈಕೆಗೆಂದು ರಾತ್ರಿ ಇಲ್ಲೇ ಮಲಗುತ್ತಿದ್ದ ನೆರೆಮನೆಯ ಮೋಹಿನಿ. ವರದಿ ಬರುವ ಮೊದಲೇ ಸಾವು ಬಂತು.

ಆ ವರ್ಷ ಊರಿನಲ್ಲಿ ಸಾವಿಗಿಂತ ಸಾವಿನ ನಂತರದ್ದಕ್ಕೆ ಹೆದರುವವರೇ ಹೆಚ್ಚಾಗಿದ್ದರು. ವರದಿಯಲ್ಲಿ ರೋಗವಿಲ್ಲವೆಂದಾದರೆ ದೇಹವನ್ನು ಮೀಯಿಸಬಹುದು, ಸೀರೆ ಉಡಿಸಬಹುದು, ಪಾದ್ರಿಯವರು ನಾಲ್ಕು ಜನರೊಂದಿಗೆ ಪ್ರಾರ್ಥನೆ ಮಾಡಿ ಮಣ್ಣಿಗಿಡಬಹುದು. ರೋಗವಿದೆ ಎಂದಾದರೆ ಮೈಯೆಲ್ಲ ಮುಚ್ಚಿಕೊಂಡ ತಂಡ ಬರುತ್ತದೆ. ಹೇಗೆ ಇದ್ದಾಳೋ ಹಾಗೆಯೇ, ಉಟ್ಟ ನೈಟಿಯಲ್ಲೇ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಜಿಪ್ಪು ಎಳೆಯುತ್ತಾರೆ. ಕತ್ತಲಾಗುವುದರೊಳಗೆ ವರದಿ ಬಾರದಿದ್ದರೂ ಅದೇ ಕ್ರಮ ಎಂದು ಜೋನ್ ಹೇಳಿದರು. ಹೇಳಿ, ಕಣ್ಣು ತಗ್ಗಿಸಿದರು. ಅವರ ತಾಯಿ ತೀರಿಕೊಂಡಾಗ ಮೀಯಿಸಿದವಳು ಅಪೊಲೋನಿಯಾಳೇ.

*

ಆ ವಠಾರದಲ್ಲಿ ಹೆಂಗಸರು ತೀರಿಕೊಂಡರೆ ಕರೆ ಬರುತ್ತಿದ್ದುದು ಅಪೊಲೋನಿಯಾಳಿಗೆ. ಯಾರೂ ಅವಳಿಗೆ ಆ ಕೆಲಸ ಒಪ್ಪಿಸಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ತೀರಿಕೊಂಡಾಗ ಮನೆಯ ಹೆಂಗಸರೆಲ್ಲ ಅಳುತ್ತ ಕೂತಿದ್ದರು. ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಚ್ಚಲಿಗೆ ಹೋದಳು. ಅಲ್ಲಿಂದ ಅದು ಅವಳದ್ದಾಯಿತು. ಬಡವರು, ಉಳ್ಳವರು, ಮನೆಯವರೊಂದಿಗೆ ಮಾತು ಬಿಟ್ಟವರು, ಯಾರೇ ಆಗಲಿ, ಕರೆ ಬಂದರೆ ಒಲೆಯ ಮೇಲಿನ ಸಾರನ್ನು ಇಳಿಸಿಟ್ಟು ಹೊರಟುಬಿಡುವಳು. ಹಿಂದಿನಿಂದ ಮೋಹಿನಿ ಕೊಡಪಾನ ಹಿಡಿದು ಹೋಗುವಳು. ಮೋಹಿನಿ ತುಳುವರ ಮನೆಯ ಸೊಸೆ. ಪ್ರಾರ್ಥನೆಯ ಹೊತ್ತಿಗೆ ಹೊರಗೆ ಜಗಲಿಯಲ್ಲಿ ಕುಳಿತುಕೊಳ್ಳುವಳು, ನೀರಿನ ಹೊತ್ತಿಗೆ ಒಳಗೆ ಬರುವಳು.

ಅಪೊಲೋನಿಯಾಳದ್ದು ಒಂದೇ ಹಟ. ನೀರು ಬೆಚ್ಚಗಿರಬೇಕು. ಕೈ ಅದ್ದಿ ನೋಡಿ, ಸಾಲದೆಂದರೆ ಒಲೆಗೆ ಇನ್ನೊಂದು ತೆಂಗಿನ ಮಡಲು ಹಾಕಿಸುವಳು. ಹೊರಗೆ ಶವಪೆಟ್ಟಿಗೆ ಬಂದು ಕಾಯುತ್ತಿದ್ದರೂ ಅವಳಿಗೆ ಅವಸರವಿಲ್ಲ.

“ಸತ್ತವರಿಗೆ ಬಿಸಿ ಎಂತದು, ತಣ್ಣಗೆ ಎಂತದು ಮಾರಾಯ್ತಿ?” ಎಂದು ಲಿಯೋನೆಲ್ ಒಮ್ಮೆ ನಕ್ಕಿದ್ದರು.

“ಸತ್ತವರಿಗೆ ಗೊತ್ತಾಗುವುದಿಲ್ಲ. ಮೀಯಿಸುವವರ ಕೈಗೆ ಗೊತ್ತಾಗ್ತದೆ,” ಎಂದಿದ್ದಳು. “ತಣ್ಣೀರಾದರೆ ಕೈ ಅವಸರ ಮಾಡ್ತದೆ.”

*

ಅಪೊಲೋನಿಯಾ ಈಗ ಚಾವಡಿಯಲ್ಲಿ ಇಗರ್ಜಿಯ ಐಸ್ ಪೆಟ್ಟಿಗೆಯೊಳಗಿದ್ದಳು. ಪೆಟ್ಟಿಗೆಯ ಮೋಟರು ಒಮ್ಮೆ ಗುಂಯ್‌ಗುಡುವುದು, ಒಮ್ಮೆ ನಿಲ್ಲುವುದು. ನಿಂತಾಗಲೆಲ್ಲ ರೀನಾ ತಲೆಯೆತ್ತಿ ನೋಡುತ್ತಿದ್ದಳು. ಮೆಲಿಷಾ ತಾಯಿಯ ಮಗ್ಗುಲು ಬಿಟ್ಟಿರಲಿಲ್ಲ. ಮೋಹಿನಿ ಅಂಗಳದ ಗೇರುಮರದ ಕೆಳಗೆ, ಮನೆಗೂ ಬೇಲಿಗೂ ನಡುವೆ, ಮಣೆ ಹಾಕಿಕೊಂಡು ಒಬ್ಬಳೇ ಕುಳಿತಿದ್ದಳು. ಅವಳಿಗೆ ತನ್ನ ಮನೆಗೆ ಹೋಗುವಂತಿರಲಿಲ್ಲ, ಈ ಮನೆಯೊಳಗೆ ಕೂರಲು ಮನಸ್ಸಿರಲಿಲ್ಲ.

ಲಿಯೋನೆಲರ ಅಣ್ಣನ ಮಗ ಟ್ರೆವರ್ ಮಣಿಪಾಲದಿಂದ ಬಂದವನು ಬೈಕನ್ನು ರಸ್ತೆಯಲ್ಲೇ ಬಿಟ್ಟು ಗೇಟಿನ ಹೊರಗೆ ನಿಂತ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವನು; ಚಿಕ್ಕಪ್ಪನನ್ನು ಬಾಪ್ಪು, ಚಿಕ್ಕಮ್ಮನನ್ನು ಮಾಂವ್ಶಿ ಎನ್ನುವವನು. ಲಿಯೋನೆಲ್ ಜಗಲಿಯ ಮೆಟ್ಟಿಲಿಗಿಳಿದು ಕುಳಿತರು. ಇಬ್ಬರ ನಡುವೆ ಅಂಗಳದ ಅಗಲ.

“ಐವರದ್ದೂ ಒಟ್ಟಿಗೆ ಬೆರೆಸುವುದು ಎಂತಹ ಕ್ರಮ ಮಗಾ? ಅವಳದ್ದೊಂದನ್ನು ಬೇರೆ ನೋಡಬಾರದಿತ್ತಾ?”

ಟ್ರೆವರ್ ಗೇಟಿನಾಚೆಯಿಂದಲೇ ವಿವರಿಸಿದ. ಮಾದರಿ ತೆಗೆದಾಗ ಮಾಂವ್ಶಿ ಬದುಕಿದ್ದರಲ್ಲ, ಎಲ್ಲರ ಹಾಗೆ ಅವರದ್ದೂ ಹೋಯಿತು. ನೂರು ಜನರಲ್ಲಿ ಇಬ್ಬರಿಗೆ ರೋಗವಿದೆ ಎಂದು ಇಟ್ಟುಕೊಂಡರೆ, ಯಾರೋ ಐವರ ಮಾದರಿ ಬೆರೆಸಿದಾಗ ಹತ್ತರಲ್ಲಿ ಒಂಬತ್ತು ಸಲ ಯಾರಲ್ಲೂ ರೋಗ ಇರುವುದಿಲ್ಲ. ಒಂದೇ ಪರೀಕ್ಷೆಯಲ್ಲಿ ಐದು ಜನ ಪಾರಾಗುತ್ತಾರೆ. ಹತ್ತನೆಯ ಸಲ ಮಾತ್ರ ಒಬ್ಬೊಬ್ಬರದ್ದೇ ನೋಡಬೇಕು. ಸಾಮಾನು ಸಾಲದ ಈ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ.

“ನಿಮ್ಮ ಸೊಸೈಟಿಯ ಹಾಲಿನ ಕ್ಯಾನಿನ ಹಾಗೆಯೇ, ಬಾಪ್ಪು.”

ಲಿಯೋನೆಲ್ ತಲೆಯಾಡಿಸಿದರು. ಹಾಲಿನ ಸೊಸೈಟಿಯಲ್ಲಿ ಮನೆಮನೆಯ ಹಾಲು ಅಳೆದು ಸುರಿಸಿಕೊಳ್ಳುತ್ತಲೇ ಅವರ ಆಯುಷ್ಯ ಕಳೆದಿತ್ತು.

“ಒಂದೇ ಮನೆಯವರದ್ದು ಒಂದೇ ಕ್ಯಾನಿಗೆ ಯಾಕೆ ಹಾಕಿದರು?”

“ರೋಗ ಒಂದು ಮನೆಗೆ ಬಂದರೆ ಎಲ್ಲರಿಗೂ ಬರುವ ಸಂಭವ ಹೆಚ್ಚು. ಕೆಟ್ಟದ್ದೆಲ್ಲ ಒಂದೇ ಕ್ಯಾನಿನಲ್ಲಿದ್ದರೆ ಉಳಿದ ಕ್ಯಾನುಗಳು ಉಳಿಯುತ್ತವೆ.” ಟ್ರೆವರ್ ಗೇಟಿನ ಸರಳನ್ನು ಹಿಡಿಯಹೋಗಿ ಕೈ ಹಿಂದಕ್ಕೆ ತೆಗೆದ. “ಆ ಲೆಕ್ಕ ಮಾಡಿಕೊಟ್ಟವರಲ್ಲಿ ನಾನೂ ಒಬ್ಬ, ಬಾಪ್ಪು. ಲೆಕ್ಕ ಸರಿಯೇ ಉಂಟು. ಮಾಂವ್ಶಿ ಅದರೊಳಗೆ ಇರ್ತಾರೆ ಎಂದು ಎಣಿಸಿರಲಿಲ್ಲ.”

ಲಿಯೋನೆಲರಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಒಂದು ಮಾತು ಮಾತ್ರ ತಿಳಿಯಬೇಕಿತ್ತು.

“ಅವಳದ್ದಾಗಿರುವುದು ಎಷ್ಟರ ಮಟ್ಟಿಗೆ?”

“ಐದರಲ್ಲೊಂದು. ಸ್ವಲ್ಪ ಹೆಚ್ಚು, ಐವರಲ್ಲಿ ಇಬ್ಬರಿಗೂ ಇರಬಹುದಲ್ಲ.”

“ಅವಳದ್ದಲ್ಲ ಎಂದಾದರೆ?”

ಟ್ರೆವರ್ ಈ ಪ್ರಶ್ನೆ ಬಾರದಿರಲಿ ಎಂದುಕೊಂಡವನಂತೆ ರಸ್ತೆಯ ಕಡೆ ನೋಡಿದ. “ಹಾಗಾದರೆ ಉಳಿದ ನಾಲ್ವರ ಮೇಲೆ ಭಾರ ಹೆಚ್ಚುತ್ತದೆ. ನಾಲ್ಕರಲ್ಲೊಂದು. ನಿಮಗೆ, ರೀನಾಗೆ, ಮೆಲಿಷಾಗೆ, ಮೋಹಿನಿಗೆ.”

ಲಿಯೋನೆಲರ ಕೈಯಲ್ಲಿ ಜಪಮಾಲೆ ಇತ್ತು. ಬೆಳಗಿನಿಂದ ಅವರು ಒಂದೇ ಬೇಡಿಕೆ ಇಟ್ಟುಕೊಂಡು ಮಣಿ ಎಣಿಸುತ್ತಿದ್ದರು. ಅವಳದ್ದಾಗದಿರಲಿ ಕರ್ತನೇ, ಅವಳದ್ದಾಗದಿರಲಿ. ಹಾಗೆ ಬೇಡಿದಷ್ಟೂ ಸಲ ತಾನು ಆ ಭಾರವನ್ನು ಎತ್ತಿ ಮಗಳ ಮೇಲೋ ಮೊಮ್ಮಗಳ ಮೇಲೋ ಇಡುತ್ತಿದ್ದೇನೆ ಎಂದು ಈಗ ತಿಳಿಯಿತು. ಇಷ್ಟು ವರ್ಷ ಮಾಡಿದ ಪ್ರಾರ್ಥನೆಗಳಲ್ಲಿ ಹೀಗೊಂದು ಅಡಗಿರಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಚಾವಡಿಯೊಳಗೆ ಮೆಲಿಷಾ ಒಮ್ಮೆ ಸೀನಿದಳು. ಅಂಗಳದ ಆಚೆ ಈಚೆ ಇದ್ದವರೆಲ್ಲರ ತಲೆ ಆ ಕಡೆ ತಿರುಗಿತು.

ಮಧ್ಯಾಹ್ನ ಏರುತ್ತಿದ್ದಂತೆ ಬೇಲಿಯ ಆಚೆ ನಾಲ್ಕೈದು ಜನ ಸೇರಿದರು. ದೂರ ದೂರ ನಿಂತದ್ದರಿಂದ ಮಾತು ಗಟ್ಟಿಯಾಗಿಯೇ ಆಡಬೇಕಾಯಿತು. ಪಡುಬಿದ್ರಿಯಿಂದ ಬಂದ ದೂರದ ಸಂಬಂಧಿಯೊಬ್ಬರು ಪಾದ್ರಿಗಳು ಒಪ್ಪುತ್ತಾರೋ ಇಲ್ಲವೋ ಎಂದು ವಿಚಾರಿಸಿದರು. ಮತ್ತೊಬ್ಬರು, ಈಗ ಸಾಯುವುದಕ್ಕೂ ಆಧಾರ್ ಕಾರ್ಡು ಬೇಕು, ಸತ್ತದ್ದಕ್ಕೂ ರಿಪೋರ್ಟು ಬೇಕು ಎಂದು ನಗಿಸಲು ನೋಡಿದರು, ಯಾರೂ ನಗಲಿಲ್ಲ. ಕೊನೆಗೆ ಮಾತು ಬರಬೇಕಾದಲ್ಲಿಗೆ ಬಂತು. ಮೋಹಿನಿಯ ಮಗ ಭೋಜ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದಾನೆ. ಬಂದರಿನಲ್ಲಿ ಎಲ್ಲೆಲ್ಲಿಯ ಜನ, ಎಲ್ಲೆಲ್ಲಿಯ ಲಾರಿ. ತಾಯಿಗೆ ತಂದಿಟ್ಟಿರುತ್ತಾನೆ, ತಾಯಿ ಇಲ್ಲಿಗೆ ತಂದಿದ್ದಾಳೆ. ಇದನ್ನು ತುಳುವಿನಲ್ಲೇ ಆಡಿದರು, ಮೋಹಿನಿಗೆ ಕೇಳಿಸಲೆಂದೇ.

ಕೇಳಿದ ಲಿಯೋನೆಲರ ಮನಸ್ಸಿಗೆ, ಹಿಂದೆ ಮುಂದೆ ನೋಡದೆ, ಒಂದು ಮಾತು ಬಂದುಬಿಟ್ಟಿತು. ಹೌದು, ಅವಳದ್ದೇ ಆಗಿರಲಿ ಕರ್ತನೇ. ನನ್ನ ಮನೆಯವರದ್ದು ಬೇಡ, ಮೋಹಿನಿಯದ್ದಾಗಿರಲಿ.

ಬೆರಳು ಮಣಿಯ ಮೇಲೆ ನಿಂತುಹೋಯಿತು.

*

ಅದು ಬಹಳ ಹಳೆಯ ಮಾತು. ರೀನಾ ಆಗ ತೊಟ್ಟಿಲಲ್ಲಿದ್ದಳು. ಸೊಸೈಟಿಯಿಂದ ಡೈರಿಗೆ ಕಳಿಸಿದ ಕ್ಯಾನು ಹೋದ ದಾರಿಯಲ್ಲೇ ವಾಪಸು ಬಂತು: ಹಾಲು ಒಡೆದಿದೆ ಎಂದು. ಮರುದಿನವೂ ಹಾಗೆಯೇ ಆಯಿತು. ಊರಿನ ಹಾಲೆಲ್ಲ ತೋಡಿಗೆ ಹೋಯಿತು. ಲಿಯೋನೆಲ್ ಯೋಚಿಸಿದರು. ಯಾರ ದನದ ಹಟ್ಟಿ ಸೋರುತ್ತದೆ, ಯಾರ ಚೆಂಬು ನೆಗ್ಗಿದೆ ಎಂದು ಅವರಿಗೆ ಗೊತ್ತಿಲ್ಲವೇ? ಮೋಹಿನಿಯ ಅತ್ತೆಯನ್ನು ಕರೆದು, ನಾಳೆಯಿಂದ ನಿಮ್ಮ ಹಾಲು ಬೇಡ ಎಂದರು. ಆ ಮುದುಕಿ ಚೆಂಬು ಕವುಚಿ ಹಿಡಿದುಕೊಂಡು ನಡೆದುಹೋದಳು.

ರಾತ್ರಿ ಊಟಕ್ಕೆ ಬಡಿಸುತ್ತ ಅಪೊಲೋನಿಯಾ ಕೇಳಿದಳು, “ಅವರ ಹಾಲನ್ನು ಒಲೆಯ ಮೇಲಿಟ್ಟು ನೋಡಿದಿರಾ?”

ಅಷ್ಟು ಮನೆಯ ಹಾಲನ್ನು ಯಾರು ಕಾಯಿಸಿ ನೋಡುತ್ತಾರೆ ಎಂದರು ಲಿಯೋನೆಲ್.

ಮರುದಿನ ಬೆಳಿಗ್ಗೆ ಅವಳು ಸೊಸೈಟಿಯ ಬಾಗಿಲಿಗೆ ಬಂದು ನಿಂತಳು. ಮೋಹಿನಿಯ ಅತ್ತೆಯನ್ನೂ ಕರೆದುಕೊಂಡೇ ಬಂದಿದ್ದಳು. ಬಂದವರೆಲ್ಲರಿಂದ ಒಂದೊಂದು ಸೌಟು ಹಾಲು ಕೇಳಿ ಪಡೆದು, ಬೇರೆ ಬೇರೆ ಕುಡಿಕೆಗಳಲ್ಲಿ ಮನೆಗೆ ಒಯ್ದು, ಒಂದಾದ ಮೇಲೊಂದರಂತೆ ಒಲೆಗಿಟ್ಟಳು. ಎಲ್ಲವೂ ಉಕ್ಕಿದವು. ಮುದುಕಿಯದ್ದೂ ಉಕ್ಕಿತು. ಕೊನೆಯ ಒಂದು ಕುಡಿಕೆಯಲ್ಲಿ ಮಾತ್ರ ಹಾಲು ಹರಳು ಹರಳಾಗಿ ಒಡೆದು ಹಸುರು ನೀರು ಬಿಟ್ಟಿತು. ಲಿಯೋನೆಲ್ ಚಾ ಕುಡಿಯಲೆಂದು ಮನೆಗೆ ಬಂದಾಗ ಅವಳು ಆ ಕುಡಿಕೆಯನ್ನು ತಂದು ಅವರ ಮುಂದಿಟ್ಟಳು. ಅದು ಲಿಯೋನೆಲರದ್ದೇ ಹಟ್ಟಿಯ ಹಾಲು. ಹಸುವಿನ ಕೆಚ್ಚಲಿನ ಒಂದು ಮೊಲೆ ಒಳಗೇ ಬಾತಿತ್ತು. ಮೇಲೆ ನೋಡಿದರೆ ಕಾಣುವಂತಿರಲಿಲ್ಲ.

*

ಲಿಯೋನೆಲ್ ಮೆಟ್ಟಿಲಿನಿಂದೆದ್ದು ಗೇರುಮರದ ಕಡೆ ನಾಲ್ಕು ಹೆಜ್ಜೆ ಹೋದರು. ಮೋಹಿನಿ ತಲೆಯೆತ್ತಿದಳು.

“ಪೊರ್ಬುಗಳೇ, ಅವರು ಹೇಳುವುದೆಲ್ಲ ಕೇಳಿಸ್ತದೆ ನನಗೆ. ಭೋಜ ಮನೆಗೆ ಬಾರದೆ ಎಷ್ಟು ಸಮಯವಾಯಿತು ಗೊತ್ತುಂಟಾ? ಅಲ್ಲೇ ಪ್ಲಾಂಟಿನಲ್ಲಿ ಮಲಗ್ತಾನೆ. ಕಾಯಿಲೆಯ ಬಾಯಮ್ಮನ ಹತ್ತಿರ ಇರುವವಳು ನಾನು, ನೀನು ಈ ಕಡೆ ತಲೆ ಹಾಕಬೇಡ ಎಂದು ನಾನೇ ಹೇಳಿದ್ದು.”

ಅವಳ ಸ್ವರದಲ್ಲಿ ಜಗಳವಿರಲಿಲ್ಲ. ಅದಕ್ಕೇ ಅವರಿಗೆ ನಿಲ್ಲಲಾಗಲಿಲ್ಲ. ತಿರುಗಿ ಬಂದು ಮತ್ತೆ ಮೆಟ್ಟಿಲ ಮೇಲೆ ಕುಳಿತರು. ಆಗ ಯೋಚಿಸಿದರು. ರೀನಾ ಮನೆ ಬಿಟ್ಟು ಹೊರಗೆ ಹೋದವಳಲ್ಲ. ಮೆಲಿಷಾಳ ಶಾಲೆ ಮುಚ್ಚಿದೆ. ಮೋಹಿನಿ ತನ್ನ ಮನೆ, ಈ ಮನೆ. ಹಾಗಾದರೆ ಹೊರಗೆ ತಿರುಗುತ್ತಿದ್ದವರು ಯಾರು? ಅಪೊಲೋನಿಯಾಳ ನೀರಿಳಿಯುವ ಮಾತ್ರೆಗೆಂದು ವಾರ ವಾರ ಪಡುಬಿದ್ರಿಗೆ ಹೋಗಿ, ಮೆಡಿಕಲ್ ಅಂಗಡಿಯ ಮುಂದೆ ಜನರ ನಡುವೆ ನಿಂತು, ಮಾತು ಕೇಳಿಸುವುದಿಲ್ಲವೆಂದು ಮಾಸ್ಕು ಗಲ್ಲಕ್ಕಿಳಿಸಿ ಮಾತಾಡಿ ಬರುತ್ತಿದ್ದವರು ಯಾರು?

ಆ ಕುಡಿಕೆ ಮತ್ತೊಮ್ಮೆ ಎದುರಿಗೆ ಬಂದಂತಾಯಿತು.

ಹಾಗೆ ತೋರಿದ ಮೇಲೆ ಅವರ ಭಯ ಬೇರೆಯಾಯಿತು. ತನ್ನದಾಗಿದ್ದರೆ ಇರಲಿ, ಅದು ಬೇಡಲು ಸುಲಭ. ಆದರೆ ರಾತ್ರಿ ಉಸಿರು ಕಟ್ಟಿದಾಗ ಅವಳ ಬೆನ್ನು ನೀವಿದವರು ಅವರು. ಮಾತ್ರೆ ನುಂಗಿಸಿ ಬಾಯಿ ಒರೆಸಿದವರು ಅವರು. ಇಬ್ಬರಿಗೂ ಇರಬಹುದಲ್ಲ ಎಂದಿದ್ದ ಟ್ರೆವರ್. ತಾನು ತಂದದ್ದನ್ನು ಅವಳಿಗೂ ಕೊಟ್ಟಿದ್ದರೆ? ಅವಳನ್ನು ಕೊಂದದ್ದು ಹೃದಯವೋ, ತಾನೋ? ಅವರು ಮಣಿ ಎಣಿಸುವುದನ್ನು ಬಿಟ್ಟು ಬರಿಗೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತರು.

ಬಿಸಿಲು ತೆಂಗಿನ ಗರಿಗಳಿಂದ ಕೆಳಗಿಳಿಯಿತು. ಬಿಳಿಯ ವ್ಯಾನೊಂದು ಬಂದು ರಸ್ತೆಯ ಬದಿಯಲ್ಲಿ ನಿಂತಿತು. ಅದರಲ್ಲಿದ್ದವರು ಇಳಿಯಲಿಲ್ಲ, ನೀಲಿ ಉಡುಪುಗಳ ಪೊಟ್ಟಣ ಮಾತ್ರ ಕಿಟಕಿಯಲ್ಲಿ ಕಾಣುತ್ತಿತ್ತು. ರೀನಾ ಹೊರಬಂದು, ಆ ವ್ಯಾನನ್ನು ನೋಡಿ, ಒಳಗೆ ಹೋಗಿ, ತಾಯಿ ತನ್ನ ಕೊನೆಯ ದಿನಕ್ಕೆಂದು ತೆಗೆದಿಟ್ಟಿದ್ದ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಲಿಯೋನೆಲ್ ಹಿತ್ತಿಲಿಗೆ ಹೋಗಿ ಬೆಂಕಿ ಆರದಂತೆ ಇನ್ನೊಂದು ಕೊತ್ತಳಿಗೆ ಇಟ್ಟು ಬಂದರು. ಜೋನ್ ಈ ಬಾರಿ ಬೇಡವೆನ್ನಲಿಲ್ಲ.

ನಿಖಿತಾಳ ಸ್ಕೂಟರು ಬಂದದ್ದು ಆಗ. ಹೆಲ್ಮೆಟ್ ತೆಗೆಯುತ್ತಲೇ ಗೇಟಿನ ಬಳಿ ಬಂದಳು.

“ಇಲ್ಲಿ ಹೆಣ ಕಾಯ್ತಾ ಉಂಟು ಎಂದು ಲ್ಯಾಬಿನವರ ಹತ್ತಿರ ಅದೊಂದನ್ನು ಮೊದಲು ಹೇಳಿಸಿಕೊಂಡೆ. ಅಪೊಲೋನಿಯಾ ಬಾಯಿಯವರದ್ದು ನೆಗೆಟಿವ್.”

ಬೇಲಿಯ ಆಚೆ ಯಾರೋ ದೇವರ ಹೆಸರು ಹೇಳಿದರು. ರೀನಾ ಸೀರೆಗೆ ಮುಖ ಒತ್ತಿ ಅತ್ತಳು, ಬೆಳಗಿನಿಂದ ಅದೇ ಮೊದಲು. ಲಿಯೋನೆಲ್ ಮೆಟ್ಟಿಲೇರಿ ಜಗಲಿಯ ಕಂಬ ಹಿಡಿದು ನಿಂತರು. ತಾನು ಕೊಟ್ಟಿಲ್ಲ. ಬೇರೇನೇ ಇರಲಿ, ಅವಳಿಗೆ ತಾನು ಕೊಟ್ಟಿಲ್ಲ.

ಟ್ರೆವರ್ ಒಬ್ಬನೇ ಹಗುರಾಗಿರಲಿಲ್ಲ. ಅವನು ಜಗಲಿಯತ್ತ ನೋಡುತ್ತಿದ್ದ, ಚಾವಡಿಯತ್ತ ನೋಡುತ್ತಿದ್ದ, ಗೇರುಮರದತ್ತ ನೋಡುತ್ತಿದ್ದ. ಲಿಯೋನೆಲರಿಗೆ ಅವನು ಏನು ಎಣಿಸುತ್ತಿದ್ದಾನೆಂದು ಗೊತ್ತಿತ್ತು.

ರೀನಾ ಎದ್ದು ಪೆಟ್ಟಿಗೆಯ ಗಾಜಿಗೆ ಕೈ ಹಾಕಿದಳು. ನಿಖಿತಾ ತಡೆದಳು. ಮುಟ್ಟುವವರದ್ದೂ ತಿಳಿಯಬೇಕು, ಉಳಿದದ್ದು ಫೋನಿಗೆ ಬರುತ್ತದೆ, ಸ್ವಲ್ಪ ನಿಲ್ಲಿ ಎಂದಳು. ಎಲ್ಲರೂ ನಿಂತರು. ವ್ಯಾನಿನವರೂ ಬಾಗಿಲು ತೆರೆದು ಕಾಲು ಕೆಳಗಿಟ್ಟು ಕಾದರು. ಪೆಟ್ಟಿಗೆಯ ಮೋಟರು ನಿಂತಿತು, ಮತ್ತೆ ಹೊರಟಿತು.

ಫೋನು ಸದ್ದು ಮಾಡಿತು. ನಿಖಿತಾ ಓದಿದಳು. ಮೆಲಿಷಾ, ನೆಗೆಟಿವ್. ರೀನಾ, ನೆಗೆಟಿವ್. ಮೋಹಿನಿ, ನೆಗೆಟಿವ್.

ಮುಂದಿನದನ್ನು ಅವಳು ಓದಲಿಲ್ಲ.

ಬೇಲಿಯ ಆಚೆಯವರು ನೆಲ ನೋಡಿದರು. “ಬಾಪ್ಪು,” ಎಂದ ಟ್ರೆವರ್, ಅಷ್ಟೇ. ಲಿಯೋನೆಲ್ ಮಗಳು ಹತ್ತಿರ ಬರುವುದನ್ನು ಕಂಡು ಅಂಗೈ ತೋರಿಸಿ ನಿಲ್ಲಿಸಿದರು. ತಾವೇ ಜಗಲಿಯಿಂದಿಳಿದು ಹಿಂದೆ ಹಿಂದೆ ಸರಿದರು. ನಿಖಿತಾ ಮೆಲ್ಲಗೆ ಹೇಳಿದಳು. ಅವರು ಈಗಲೇ ಬೇರೆ ಇರಬೇಕು, ವ್ಯಾನು ಅವರನ್ನು ಕರೆದುಕೊಂಡು ಹೋಗುತ್ತದೆ. ದೇಹವನ್ನು ಮನೆಯೊಳಗೇ ಮೀಯಿಸಬಹುದು, ಕೈಗವಸು ಹಾಕಿಕೊಂಡು, ಇಬ್ಬರೇ. ಮನೆಯವರು ಇಗರ್ಜಿಗೆ ಹೋಗುವಂತಿಲ್ಲ. ವಠಾರದವರು ಹೊತ್ತುಕೊಂಡು ಹೋಗಲಿ.

ಇಬ್ಬರು ಯಾರು ಎಂದು ಕೇಳುವುದಕ್ಕೆ ಜೋನ್ ಬಾಯಿ ತೆರೆಯುತ್ತಿದ್ದರು.

“ಮೋಹಿನಿ,” ಎಂದರು ಲಿಯೋನೆಲ್. “ರೀನಾಳಿಗೆ ಆ ಕೆಲಸ ಗೊತ್ತಿಲ್ಲ. ನೀನು ಹೇಳಿಕೊಡು.”

ಮೋಹಿನಿ ಮಣೆಯಿಂದೆದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಬೇಲಿಯ ಕಡೆ ತಿರುಗಿಯೂ ನೋಡಲಿಲ್ಲ. ಮೆಟ್ಟಿಲೇರುತ್ತ ಕೇಳಿದಳು, “ನೀರು ಬೆಚ್ಚಗೆ ಉಂಟಾ ಪೊರ್ಬುಗಳೇ?”

“ಕಾಯಿಸ್ತೇನೆ.”

ಮೀಯಿಸುವುದು ಮುಗಿಯುವವರೆಗೆ ಕಾಯಿರಿ ಎಂದು ನಿಖಿತಾ ವ್ಯಾನಿನವರಿಗೆ ಹೇಳಿದಳು. ಅವರು ಕಾಲು ಒಳಗೆಳೆದುಕೊಂಡು ಬಾಗಿಲು ಮುಚ್ಚಿದರು.

ಬಚ್ಚಲಿನ ಒಲೆಯ ಬಾಯಿ ಹೊರಗೋಡೆಯಲ್ಲಿತ್ತು. ಒಳಗಿನವರಿಗೆ ಹೊಗೆ ತಾಗದಿರಲೆಂದು ಹಿಂದಿನವರು ಹಾಗೆ ಕಟ್ಟಿಸಿದ್ದರು. ಲಿಯೋನೆಲ್ ಅಲ್ಲಿ ಒಬ್ಬರೇ ಕುಕ್ಕರುಗಾಲಿನಲ್ಲಿ ಕುಳಿತು ಮಡಲನ್ನು ಮುರಿದು ಮುರಿದು ಹಾಕಿದರು. ಗೋಡೆಯ ಆಚೆ ಹೆಜ್ಜೆಯ ಸದ್ದಾಯಿತು, ಹಲಗೆ ಇಟ್ಟ ಸದ್ದಾಯಿತು. ಮೋಹಿನಿ ರೀನಾಳಿಗೆ ತಲೆ ಹೇಗೆ ಹಿಡಿಯಬೇಕೆಂದು ತೋರಿಸುತ್ತಿದ್ದಳು. ನಿಧಾನ, ನಿಧಾನ, ಅವಸರ ಎಂತದು ಎನ್ನುತ್ತಿದ್ದಳು. ಹಂಡೆಗೆ ಚೆಂಬು ಮುಳುಗಿತು. ನೀರು ಸುರಿಯಿತು.

ಒಳಗೆ ಸುರಿದ ನೀರು ಗೋಡೆಯ ಬುಡದ ತೂತಿನಿಂದ ಹೊರಬಂದು, ಕಲ್ಲಿನ ತೋಡಿನಲ್ಲಿ ಬಾಳೆಯ ಬುಡದ ಕಡೆ ಹರಿಯಿತು. ದೂರದಲ್ಲಿ ಇಗರ್ಜಿಯ ಗಂಟೆ ಹೊಡೆಯಲಾರಂಭಿಸಿತು. ಲಿಯೋನೆಲ್ ಚಪ್ಪಲಿ ಕಳಚಿ ಬದಿಗಿಟ್ಟರು. ತೋಡಿನಲ್ಲಿ ಎರಡೂ ಪಾದಗಳನ್ನು ಊರಿ, ಇನ್ನೊಂದು ಕೊತ್ತಳಿಗೆಯನ್ನು ಒಲೆಗೆ ನೂಕಿದರು. ನೀರು ಬೆಚ್ಚಗೆ ಬಂದು ಪಾದ ತೋಯಿಸಿ ಮುಂದೆ ಹೋಯಿತು.